ಶುಶ್ರೂಷಕರ ಮಾನ್ಯತೆ: ಪದ ಒಂದು, ತಕರಾರು ಎರಡು

ನರ್ಸಿಂಗ್ ಕ್ಷೇತ್ರದಲ್ಲಿ 'ಮಾನ್ಯತೆ' ಎಂಬ ಮಾತು ಬಂದಾಗಲೆಲ್ಲ ಗೊಂದಲವಾಗುತ್ತದೆ. ಕಾಲೇಜಿಗೆ ಸಿಗಬೇಕಾದ ಅಧಿಕೃತ ಒಪ್ಪಿಗೆಗೂ, ವಾರ್ಡಿನಲ್ಲಿ ದುಡಿಯುವವರಿಗೆ ಸಲ್ಲಬೇಕಾದ ಸ್ಥಾನಮಾನಕ್ಕೂ ನಾವು ಇದೇ ಪದವನ್ನು ಬಳಸುತ್ತೇವೆ. 2023ರ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ಕಾಯ್ದೆಯ ಸುತ್ತಲಿನ ಚರ್ಚೆಯಲ್ಲಿ ಈ ಎರಡೂ ತಕರಾರುಗಳು ಹೆಣೆದುಕೊಂಡಿವೆ.

1908ರಲ್ಲಿ ತರಬೇತಿ ಪಡೆದ ದಾದಿಯರ ಸಂಘ ಹುಟ್ಟಿತು. 1946ರಲ್ಲಿ ದೇಶದ ಆರೋಗ್ಯ ಸೇವೆಗಳನ್ನು ಪರಿಶೀಲಿಸಿದ ಭೋರ್ ಸಮಿತಿ 43,000 ಜನರಿಗೆ ಒಬ್ಬ ನರ್ಸ್ ಇರುವ ಲೆಕ್ಕವನ್ನು ಮುಂದಿಟ್ಟಿತು. ಅದೇ ವರ್ಷ ದೆಹಲಿ ಮತ್ತು ವೆಲ್ಲೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಆರಂಭವಾಯಿತು. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಯು ದೇಶಕ್ಕೆಲ್ಲ ಒಂದೇ ಮಟ್ಟದ ಶಿಕ್ಷಣದ ಹೊಣೆಯನ್ನು ಪರಿಷತ್ತಿಗೆ ವಹಿಸಿತಾದರೂ ನೋಂದಣಿ ರಾಜ್ಯಗಳ ಕೈಯಲ್ಲೇ ಉಳಿಯಿತು. ನಮ್ಮ ಕರ್ನಾಟಕದಲ್ಲಿ ಆ ಕೆಲಸ 1961ರ ರಾಜ್ಯ ಕಾಯ್ದೆಯಡಿ ನಡೆಯುತ್ತದೆ.

ಬೆಂಗಳೂರಿನಲ್ಲಿ ನರ್ಸಿಂಗ್ ಕಾಲೇಜುಗಳು ಸಾಲುಸಾಲಾಗಿ ತೆರೆದು, ಕೇರಳದಿಂದ ವಿದ್ಯಾರ್ಥಿಗಳು ದಂಡಿಯಾಗಿ ಬರತೊಡಗಿದ ಮೇಲೆ ಈ ಇಬ್ಬಗೆಯ ವ್ಯವಸ್ಥೆಯ ಬಿರುಕು ಎದ್ದು ಕಂಡಿತು. ರಾಜ್ಯ ಪರಿಷತ್ತು ಮತ್ತು ವಿಶ್ವವಿದ್ಯಾಲಯದ ಒಪ್ಪಿಗೆಯಿದ್ದರೆ ಸಾಕು, ಕೇಂದ್ರ ಪರಿಷತ್ತಿನ ಮಾನ್ಯತೆ ಬೇಕಿಲ್ಲ ಎಂದು 2016ರ ಕೊನೆಯಲ್ಲಿ ರಾಜ್ಯ ಸರ್ಕಾರ ಹೇಳಿತು. 2017ರಲ್ಲಿ ಹೈಕೋರ್ಟ್ ಕೂಡ ಆ ವಾದವನ್ನೇ ಎತ್ತಿಹಿಡಿಯಿತು. ಕೇಂದ್ರ ಪರಿಷತ್ತಿನ ಪಟ್ಟಿಯಲ್ಲಿ ಕರ್ನಾಟಕದ ಕಾಲೇಜುಗಳ ಹೆಸರು ಕಾಣದಾದಾಗ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಹಿಂದೆಮುಂದೆ ನೋಡಿದವು. ಯಾರ ಅಧಿಕಾರ ಎಷ್ಟು ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಏನೇ ಇರಲಿ, ಅದರ ಬಿಸಿ ತಟ್ಟಿದ್ದು ಆಗಲೇ ಶುಲ್ಕ ಕಟ್ಟಿ ತರಗತಿಯಲ್ಲಿ ಕುಳಿತಿದ್ದವರಿಗೆ.

ಸ್ಥಾನಮಾನದ ತಕರಾರು ಇದೇ ಹೊತ್ತಿನಲ್ಲಿ ಇನ್ನೊಂದು ದಾರಿ ಹಿಡಿದಿತ್ತು. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳದ ವಿಷಯ 2016ರಲ್ಲಿ ಸುಪ್ರೀಂ ಕೋರ್ಟ್ ತಲುಪಿತ್ತು. ನಂತರ ನೇಮಕವಾದ ಸಮಿತಿಯು 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದಿತು. ಕೇರಳದಲ್ಲಿ ಮುಷ್ಕರಗಳ ಬಳಿಕ 2018ರಲ್ಲಿ ಕನಿಷ್ಠ ವೇತನದ ಅಧಿಸೂಚನೆ ಹೊರಬಿತ್ತು. ಕೇಂದ್ರದ ಆಸ್ಪತ್ರೆಗಳಲ್ಲಿ 'ಸ್ಟಾಫ್ ನರ್ಸ್' ಹೋಗಿ 'ನರ್ಸಿಂಗ್ ಆಫೀಸರ್' ಬಂತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ 'ಶುಶ್ರೂಷಾಧಿಕಾರಿ' ಎಂಬ ಪದನಾಮ ಬಳಕೆಗೆ ಬಂತು. ರೋಗಿಗಳ ಬಾಯಲ್ಲಿ ಮಾತ್ರ ಅವರು ಈಗಲೂ 'ಸಿಸ್ಟರ್', ಗಂಡಸರಾದರೆ 'ಬ್ರದರ್'.

ಹೆಸರಿನ ಜೊತೆಗೆ ಅಧಿಕಾರವೂ ಬಂತೇ ಎಂದು ತಿಳಿಯಲು ಮಧ್ಯಾಹ್ನ ಪಾಳಿ ಬದಲಾಗುವಾಗ ಯಾವುದಾದರೂ ದೊಡ್ಡ ವಾರ್ಡಿನಲ್ಲಿ ನಿಂತು ನೋಡಬೇಕು. ಹಾಸಿಗೆಯಿಂದ ಹಾಸಿಗೆಗೆ ನಡೆದು, ಡ್ರಿಪ್ ಎಷ್ಟು ಉಳಿದಿದೆ, ಮೂತ್ರ ಎಷ್ಟು ಹೋಗಿದೆ, ಯಾರಿಗೆ ಮುಂದಿನ ಇಂಜೆಕ್ಷನ್ ಎಷ್ಟಕ್ಕೆ ಎಂದು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುತ್ತಾರೆ. ನರ್ಸಿಂಗ್ ಸೂಪರಿಂಟೆಂಡೆಂಟರ ದಿನ ಡ್ಯೂಟಿ ಪಟ್ಟಿ ಹೊಂದಿಸುವುದರಲ್ಲಿ, ಬೆಡ್‌ಶೀಟ್ ಎಣಿಸುವುದರಲ್ಲಿ, ಸಾಮಗ್ರಿ ಬೇಡಿಕೆಯ ಪಟ್ಟಿಗೆ, ಅಂದರೆ ಇಂಡೆಂಟಿಗೆ, ಸಹಿ ಹಾಕುವುದರಲ್ಲಿ ಕಳೆಯುತ್ತದೆ. ರಜೆ ಹೋದವರ ಜಾಗಕ್ಕೆ ಉಳಿದವರನ್ನೇ ಹಂಚುವ ಹೊಣೆ ಅವರದು. ಹುದ್ದೆ ಹೆಚ್ಚಿಸುವ ತೀರ್ಮಾನ ಬೇರೆ ಮೇಜಿನದು. ನಾಯಕತ್ವದ ಶಿಬಿರಗಳಲ್ಲಿ ಈ ಮೇಜಿನ ಮಾತು ಅಷ್ಟಾಗಿ ಬರುವುದಿಲ್ಲ.

1947ರ ಕಾಯ್ದೆಯ ಜಾಗಕ್ಕೆ ಬಂದಿರುವ 2023ರ ಕಾಯ್ದೆಯಂತೆ, 29 ಸದಸ್ಯರ ಆಯೋಗದ ಅಧ್ಯಕ್ಷರು ನರ್ಸಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮತ್ತು ಕನಿಷ್ಠ 20 ವರ್ಷಗಳ ಅನುಭವ ಉಳ್ಳವರಾಗಿರಬೇಕು. ವೃತ್ತಿಯ ಮೇಲ್ತುದಿಯಲ್ಲಿ ವೃತ್ತಿಯವರೇ ಇರಬೇಕೆಂಬ ಬೇಡಿಕೆಗೆ ಅಲ್ಲಿ ಲಿಖಿತ ಉತ್ತರವಿದೆ. ರಾಜ್ಯ ಆಯೋಗಗಳನ್ನು ರಚಿಸುವ ಕೆಲಸ ಮಾತ್ರ ರಾಜ್ಯ ಸರ್ಕಾರಗಳಿಗೇ ಬಿಟ್ಟದ್ದು. ವಾರ್ಡಿನ ಹುದ್ದೆಗಳನ್ನು ಮಂಜೂರು ಮಾಡುವ ಅಧಿಕಾರವೂ ಹಿಂದಿನಂತೆ ಅವುಗಳ ಬಳಿಯೇ ಇದೆ.