ಯಾರನ್ನು ಆರಿಸಬೇಕು? ಪೋರ್ಟ್‌ಲ್ಯಾಂಡ್ ತಂಡವನ್ನು ಮುಂದಿಟ್ಟುಕೊಂಡು ಡ್ರಾಫ್ಟ್ ಜಗಳದ ಪಾಠ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯನ್ನು ಹೊಸದಾಗಿ ನೋಡುವವರಿಗೆ ಆಟ ಬೇಗ ಅರ್ಥವಾಗುತ್ತದೆ. ಜೂನ್ ತಿಂಗಳ ಡ್ರಾಫ್ಟ್ ಜಗಳ, ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗಿನ ಜಗಳ, ಅರ್ಥವಾಗುವುದಿಲ್ಲ. ಫೈನಲ್ ಮುಗಿಯುವ ಹೊತ್ತು. ಆದರೂ ಅಭಿಮಾನಿಗಳು ಹತ್ತೊಂಬತ್ತು ವರ್ಷದ ಹುಡುಗನ ಕೈ ಎಷ್ಟು ಉದ್ದ, ಮೊಣಕಾಲು ಹೇಗಿದೆ, ಎಡಗೈಯಲ್ಲೂ ಆಡ್ತಾನಾ ಅಂತ ಹೊಡೆದಾಡಿಕೊಳ್ಳುತ್ತಿರುತ್ತಾರೆ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ.

ಮೂವತ್ತೂ ತಂಡಗಳನ್ನು ಹಿಡಿದು ಕೂತರೆ ತಲೆ ಕೆಡುತ್ತದೆ. ಕಲಿಯುವುದಕ್ಕೆ ಒಂದೇ ತಂಡ ಸಾಕು: ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್. ಡ್ರಾಫ್ಟ್ ವಿಷಯದಲ್ಲಿ ಇವರಷ್ಟು ಬೈಸಿಕೊಂಡವರು ಕಡಿಮೆ.

ಮೊದಲು ನಿಯಮ, ಬೇಗ ಮುಗಿಸೋಣ

ಐಪಿಎಲ್ ಹರಾಜಿನಲ್ಲಿ ದುಡ್ಡು ಮಾತಾಡುತ್ತದೆ. ಇಲ್ಲಿ ಸರದಿ ಮಾತಾಡುತ್ತದೆ. ಎರಡು ಸುತ್ತು, ಸುತ್ತಿಗೆ 30 ಸರದಿ. ಸರದಿಯನ್ನು ಬೇರೆ ತಂಡಕ್ಕೆ ಮಾರಬಹುದು, ಬದಲಾಯಿಸಿಕೊಳ್ಳಬಹುದು. ಪ್ಲೇಆಫ್ ತಲುಪದ 14 ತಂಡಗಳ ಪಾಲಿಗೆ ಲಾಟರಿ ಇದೆ. 1ರಿಂದ 14ರವರೆಗೆ ಸಂಖ್ಯೆ ಬರೆದ ಚೆಂಡುಗಳನ್ನು ಯಂತ್ರಕ್ಕೆ ಹಾಕಿ ನಾಲ್ಕನ್ನು ತೆಗೆಯುತ್ತಾರೆ. ಯಾವುದು ಮೊದಲು ಬಂತು ಅನ್ನುವುದು ಲೆಕ್ಕಕ್ಕಿಲ್ಲ. 14×13×12×11 ಅನ್ನು 24ರಿಂದ ಭಾಗಿಸಿ: 1001. ಅದರಲ್ಲಿ ಒಂದನ್ನು ಬಿಟ್ಟು 1000 ಜೋಡಣೆಗಳನ್ನು ತಂಡಗಳಿಗೆ ಹಂಚುತ್ತಾರೆ. ಯಾರ ಜೋಡಣೆ ಬಂತೋ ಅವರಿಗೆ ಮೊದಲ ಸರದಿ.

ಮೊದಲೆಲ್ಲ ತೀರಾ ಕೊನೆಯ ತಂಡಕ್ಕೆ 250 ಜೋಡಣೆ ಸಿಗುತ್ತಿತ್ತು. ಹಾಗಾಗಿ ಬೇಕಂತಲೇ ಸೋಲುವ ಚಾಳಿ ಜಾಸ್ತಿಯಾಯಿತು. ಅದಕ್ಕೆ 'ಟ್ಯಾಂಕಿಂಗ್' ಎನ್ನುತ್ತಾರೆ. 2019ರಲ್ಲಿ ಇದನ್ನು ಬದಲಾಯಿಸಿ ಕೊನೆಯ ಮೂರೂ ತಂಡಗಳಿಗೆ ತಲಾ 140 ಮಾಡಿದರು. 2025ರಲ್ಲಿ ಬರೀ 18 ಜೋಡಣೆ ಇಟ್ಟುಕೊಂಡಿದ್ದ ಡಲ್ಲಾಸ್‌ಗೆ ಮೊದಲ ಸರದಿ ಬಂತು, ಎಲ್ಲರೂ ಕಣ್ಣಿಟ್ಟಿದ್ದ ಹುಡುಗ ಕೂಪರ್ ಫ್ಲ್ಯಾಗ್ ಸಿಕ್ಕಿದ. ಅದೃಷ್ಟ ಅಂದ್ರೆ ಹಾಗಿರಬೇಕು.

ಜಗಳ ಎಲ್ಲಿಂದ ಶುರು

ಎಲ್ಲ ವಾದವೂ ಕೊನೆಗೆ ಒಂದೇ ಕವಲಿಗೆ ಬಂದು ನಿಲ್ಲುತ್ತದೆ. ಒಂದು ಗುಂಪು 'ಫಿಟ್' ನೋಡು ಎನ್ನುತ್ತದೆ. ತಂಡದಲ್ಲಿ ಎಲ್ಲಿ ತೂತಿದೆಯೋ ಅದನ್ನು ಮುಚ್ಚುವವನನ್ನು ತಗೋ ಅಂತ. ಇನ್ನೊಂದು ಗುಂಪು 'ಬೆಸ್ಟ್ ಪ್ಲೇಯರ್ ಅವೈಲಬಲ್' ಎನ್ನುತ್ತದೆ. ಯಾವ ಜಾಗದವನಾದರೂ ಸರಿ, ಉಳಿದವರಲ್ಲಿ ಒಳ್ಳೆಯವನನ್ನು ಎತ್ತು, ಆಮೇಲೆ ನೋಡಿಕೊಳ್ಳೋಣ ಅಂತ. ಎರಡೂ ಕೇಳೋಕೆ ಸರಿಯಾಗಿಯೇ ಇವೆ ಅಲ್ವಾ? ಅದಕ್ಕೇ ಜಗಳ ಮುಗಿಯುವುದಿಲ್ಲ.

ಆದರೆ ಈ ವಾದದ ಹಿಂದೆ ಇನ್ನೊಂದು ಸಂಗತಿ ಇರುತ್ತದೆ. ಊರಿನ ನೆನಪು. ಪೋರ್ಟ್‌ಲ್ಯಾಂಡ್ ಗೆದ್ದಿರುವ ಒಂದೇ ಒಂದು ಪ್ರಶಸ್ತಿ 1977ರದು. ಗೆಲ್ಲಿಸಿಕೊಟ್ಟವನು ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ) ಬಿಲ್ ವಾಲ್ಟನ್, 1974ರ ಮೊದಲ ಸರದಿಯ ಆಯ್ಕೆ. ಆಮೇಲೆ ಅವನ ಪಾದ ಕೈಕೊಟ್ಟಿತು. ಎತ್ತರದ ಸೆಂಟರ್ ಬಂದರೆ ಕಪ್ ಬರುತ್ತದೆ ಅನ್ನುವ ನಂಬಿಕೆ ಮಾತ್ರ ಊರಲ್ಲಿ ಉಳಿದುಬಿಟ್ಟಿತು ಎಂದು ನನಗನ್ನಿಸುತ್ತದೆ. 1972ರಲ್ಲಿ ಇದೇ ತಂಡ ಮೊದಲ ಸರದಿಯಲ್ಲಿ ಸೆಂಟರ್ ಲರೂ ಮಾರ್ಟಿನ್‌ನನ್ನು ಆರಿಸಿ ಕೈ ಸುಟ್ಟುಕೊಂಡಿತ್ತು. ಅದನ್ನು ಎಷ್ಟು ಬೇಗ ಮರೆತರು ನೋಡಿ.

1984: ಬೋವಿಯ ಮೊಣಕಾಲಿನ ಕೆಳಗೆ

ಆಗ ಲಾಟರಿ ಇರಲಿಲ್ಲ. ಲೀಗಿನ ಪೂರ್ವ, ಪಶ್ಚಿಮ ಎರಡೂ ವಿಭಾಗಗಳ ಕೊನೆಯ ಸ್ಥಾನದ ಸರದಿ ಇದ್ದವರ ನಡುವೆ ನಾಣ್ಯ ಚಿಮ್ಮುತ್ತಿದ್ದರು. ಹ್ಯೂಸ್ಟನ್ ಗೆದ್ದಿತು, ಹಕೀಮ್ ಒಲಾಜುವಾನ್‌ನನ್ನು ಎತ್ತಿತು. ಎರಡನೇ ಸರದಿ ಪೋರ್ಟ್‌ಲ್ಯಾಂಡಿನದು. ಗಮನಿಸಿ: ಅದು ಇಂಡಿಯಾನಾ ತಂಡದಿಂದ ಹಿಂದೆಯೇ ಪಡೆದುಕೊಂಡಿದ್ದ ಸರದಿ. ಪೋರ್ಟ್‌ಲ್ಯಾಂಡ್ ಆ ವರ್ಷ 48 ಪಂದ್ಯ ಗೆದ್ದಿದ್ದ ಒಳ್ಳೆಯ ತಂಡ. ಒಳ್ಳೆಯ ತಂಡ ತೂತನ್ನು ಹುಡುಕುತ್ತದೆ, ಕೆಟ್ಟ ತಂಡ ಹೀರೋನನ್ನು ಹುಡುಕುತ್ತದೆ.

ಶೂಟಿಂಗ್ ಗಾರ್ಡ್ ಜಾಗದಲ್ಲಿ ಜಿಮ್ ಪ್ಯಾಕ್ಸನ್ ಇದ್ದ. ಹಿಂದಿನ ವರ್ಷ 14ನೇ ಸರದಿಯಲ್ಲಿ ಕ್ಲೈಡ್ ಡ್ರೆಕ್ಸ್ಲರ್ ಬಂದಿದ್ದ. ಅದೇ ಜಾಗಕ್ಕೆ ಮೈಕೆಲ್ ಜೋರ್ಡನ್ ಯಾಕೆ? ಬೇಕಿದ್ದದ್ದು ಸೆಂಟರ್. ಹಾಗಾಗಿ ಏಳಡಿ ದಾಟಿದ ಸ್ಯಾಮ್ ಬೋವಿ ಬಂದ. ಜೋರ್ಡನ್ ಮೂರನೆಯವನಾಗಿ ಶಿಕಾಗೊಗೆ ಹೋದ.

ಈ ಕತೆಯನ್ನು ಎಲ್ಲರೂ 'ಫಿಟ್ ನೋಡಿ ಕೆಟ್ಟರು' ಎಂದು ಹೇಳಿ ಮುಗಿಸುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಬೋವಿ ಕೆಂಟಕಿ ವಿಶ್ವವಿದ್ಯಾಲಯದ ತಂಡದಲ್ಲಿದ್ದಾಗ ಕಾಲಿನ ಮೂಳೆ ಮುರಿದು ಎರಡು ಸೀಸನ್ ಕಳೆದುಕೊಂಡಿದ್ದವನು. ಪೋರ್ಟ್‌ಲ್ಯಾಂಡಿನ ವೈದ್ಯರು ಗಂಟೆಗಟ್ಟಲೆ ಪರೀಕ್ಷೆ ಮಾಡಿದರು. ಎಡಗಾಲಿನ ಮೂಳೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ನೋವಾಗುತ್ತಾ ಎಂದು ಕೇಳಿದರು. ಇಲ್ಲ ಎಂದ. ನೋವಿತ್ತು, ಆದರೂ ಇಲ್ಲ ಎಂದೆ ಎಂದು ಎಷ್ಟೋ ವರ್ಷಗಳ ನಂತರ ಅವನೇ ಹೇಳಿಕೊಂಡ. ಮನೆಯವರು, ದುಡ್ಡು, ಬದುಕು ಎಲ್ಲ ಆ ಒಂದು ಉತ್ತರದ ಮೇಲೆ ನಿಂತಿದ್ದಾಗ ಆ ವಯಸ್ಸಿನವನು ಇನ್ನೇನು ಹೇಳಿಯಾನು?

ಪೋರ್ಟ್‌ಲ್ಯಾಂಡ್ ಪರ ಬೋವಿ ಆಡಿದ್ದು ಸೀಸನ್‌ವಾರು ಹೀಗೆ: 76, 38, 5, ಸೊನ್ನೆ, 20. ಒಟ್ಟು 139 ಪಂದ್ಯ. ಇದು ಫಿಟ್ ತಪ್ಪಿದ್ದಲ್ಲ, ಕಾಲು ತಪ್ಪಿದ್ದು.

ಅಭಿಮಾನಿಗಳಿಗೆ ಆ ವ್ಯತ್ಯಾಸ ಬೇಕಿಲ್ಲ ಬಿಡಿ. 1992ರ ಫೈನಲ್‌ನಲ್ಲಿ ಜೋರ್ಡನ್‌ನ ಶಿಕಾಗೊಗೆ ಇದೇ ಪೋರ್ಟ್‌ಲ್ಯಾಂಡ್ ಎದುರಿಗಿತ್ತು. ಮೊದಲ ಪಂದ್ಯದ ಅರ್ಧದಲ್ಲೇ ಜೋರ್ಡನ್ ಆರು ತ್ರೀ-ಪಾಯಿಂಟರ್ ಹಾಕಿ, 35 ಅಂಕ ಗಳಿಸಿ, ನನಗೂ ಗೊತ್ತಿಲ್ಲಪ್ಪ ಎನ್ನುವ ಹಾಗೆ ಭುಜ ಕುಣಿಸಿದ. ಆ ಭುಜ ಪೋರ್ಟ್‌ಲ್ಯಾಂಡಿನವರಿಗೆ ಇವತ್ತಿಗೂ ಕಾಣುತ್ತಿರುತ್ತದೆ.

2007: ಮತ್ತೆ ಅದೇ

ಆ ವರ್ಷ ಶೇಕಡಾ 5.3ರ ಸಾಧ್ಯತೆ ಇದ್ದರೂ ಮೊದಲ ಸರದಿ ಪೋರ್ಟ್‌ಲ್ಯಾಂಡಿಗೇ ಬಂತು. ಎದುರಿಗೆ ಇಬ್ಬರು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಏಳಡಿ ಸೆಂಟರ್ ಗ್ರೆಗ್ ಓಡೆನ್. ಬಲ ಮಣಿಕಟ್ಟಿನ ಆಪರೇಷನ್ ಆಗಿದ್ದಕ್ಕೆ ಎಡಗೈಯಲ್ಲಿ ಫ್ರೀ ಥ್ರೋ ಹಾಕಿ ಸೀಸನ್ ಆಡಿದವನು. ಇನ್ನೊಬ್ಬ ಟೆಕ್ಸಾಸ್ ವಿಶ್ವವಿದ್ಯಾಲಯದ ಕೆವಿನ್ ಡುರಾಂಟ್. ಪಂದ್ಯಕ್ಕೆ ಸರಾಸರಿ 25.8 ಅಂಕ. ಆದರೆ ಡ್ರಾಫ್ಟ್‌ಗೆ ಮೊದಲು ಹುಡುಗರ ಮೈಕಟ್ಟು, ಬಲ ಅಳೆಯುವ ಕಾಂಬೈನ್ ಪರೀಕ್ಷೆಯಲ್ಲಿ 185 ಪೌಂಡ್, ಅಂದರೆ ಸುಮಾರು 84 ಕಿಲೊ ಭಾರವನ್ನು ಒಂದು ಸಲವೂ ಎತ್ತಲಾಗಲಿಲ್ಲ. ಕಡ್ಡಿಪೈಲ್ವಾನ ಎಂದು ನಕ್ಕವರಿಗೆ ಬರ ಇರಲಿಲ್ಲ.

ಓಡೆನ್ ಬಂದ. ಮೊದಲ ಸೀಸನ್ ಪೂರ್ತಿ ಬಲ ಮೊಣಕಾಲಿನ ಆಪರೇಷನ್‌ಗೆ ಹೋಯಿತು. ಪೋರ್ಟ್‌ಲ್ಯಾಂಡ್‌ಗೆ ಆಡಿದ್ದು ಒಟ್ಟು 82 ಪಂದ್ಯ, ಅಂದರೆ ಒಂದೇ ಸೀಸನ್‌ನಷ್ಟು. ಡುರಾಂಟ್ 2014ರಲ್ಲಿ ಎಂವಿಪಿ, ಅಂದರೆ ಲೀಗಿನ ಶ್ರೇಷ್ಠ ಆಟಗಾರ ಆದ. ಇಲ್ಲಿ ಕಲಿಯಬೇಕಾದ್ದು: ಕಾಂಬೈನ್‌ನಲ್ಲಿ ಅಳೆದದ್ದೆಲ್ಲ ಆಟವಲ್ಲ. ವಿಂಗ್‌ಸ್ಪ್ಯಾನ್ (ಚಾಚಿದ ಕೈಗಳ ಉದ್ದ) ಉಪಯೋಗಕ್ಕೆ ಬರುತ್ತದೆ, ಬೆಂಚ್ ಪ್ರೆಸ್ (ಮಲಗಿ ಭಾರ ಎತ್ತುವುದು) ಸುಮ್ನೆ ಮಾತಿಗೆ.

ಈಚಿನ ಎರಡು

2023ರಲ್ಲಿ ಮೂರನೇ ಸರದಿ. ತಂಡದಲ್ಲಿ ಡೇಮಿಯನ್ ಲಿಲ್ಲಾರ್ಡ್ ಇದ್ದ, ಊರಿನ ಮನೆಮಗ. ಸರದಿಯನ್ನು ಮಾರಿ ಅವನಿಗೆ ಅನುಭವಿ ಜೊತೆಗಾರನನ್ನು ತನ್ನಿ ಎಂದು ಅರ್ಧ ಜನ. ಸ್ಕೂಟ್ ಹೆಂಡರ್ಸನ್ ಸಿಗುತ್ತಿದ್ದಾನೆ, ಬಿಡಬೇಡಿ ಎಂದು ಇನ್ನರ್ಧ. ಸ್ಕೂಟ್ ಕೂಡ ಲಿಲ್ಲಾರ್ಡ್‌ನ ಜಾಗದವನೇ! ತಂಡ ಈ ಸಲ ಫಿಟ್ ನೋಡಲಿಲ್ಲ, ಸ್ಕೂಟ್‌ನನ್ನು ಆರಿಸಿತು. ಜುಲೈ 1ಕ್ಕೆ ಲಿಲ್ಲಾರ್ಡ್ ನನ್ನನ್ನು ಕಳಿಸಿಕೊಡಿ ಎಂದ. 2025ರ ಜುಲೈಯಲ್ಲಿ ವಾಪಸ್ಸೂ ಬಂದ, ಅದು ಬೇರೆ ಕತೆ.

2025ರಲ್ಲಿ 11ನೇ ಸರದಿಯನ್ನು ಮೆಂಫಿಸ್‌ಗೆ ಕೊಟ್ಟು 16ಕ್ಕೆ ಇಳಿದರು. ಜೊತೆಗೆ ಮುಂದಿನ ವರ್ಷಗಳ ಸರದಿಗಳೂ ಬಂದವು. ಇದು 'ಟ್ರೇಡ್ ಡೌನ್'. ಆರಿಸಿದ್ದು ಚೀನಾದ ಸೆಂಟರ್ ಯಾಂಗ್ ಹಾನ್ಸೆನ್‌ನನ್ನು. ಡ್ರಾಫ್ಟ್‌ಗೆ ಮೊದಲು ಊಹಿಸಿ ಬರೆಯುವ 'ಮಾಕ್ ಡ್ರಾಫ್ಟ್'ಗಳಲ್ಲಿ ಎಷ್ಟೋ ಮಂದಿ ಅವನನ್ನು ಎರಡನೇ ಸುತ್ತಿಗೆ ಹಾಕಿದ್ದರು. ಹೀಗೆ ಬೇಗ ಆರಿಸಿದರೆ ಅದಕ್ಕೆ 'ರೀಚ್' ಎಂಬ ಬೈಗುಳ. ಹಿಂದಿನ ವರ್ಷವಷ್ಟೇ ಏಳನೇ ಸರದಿಯಲ್ಲಿ ಸೆಂಟರ್ ಡೊನೊವಾನ್ ಕ್ಲಿಂಗನ್ ಬಂದಿದ್ದ. ಮತ್ತೊಬ್ಬ ಏಳಡಿಯವನಾ ಎಂದು ಊರು ಹಣೆ ಚಚ್ಚಿಕೊಂಡರೆ ಆಶ್ಚರ್ಯವೇನಿಲ್ಲ.

ನಿಮಗೊಂದು ಅಭ್ಯಾಸ. 2007ರ ಜೂನ್‌ಗೆ ಹೋಗಿ ಕೂತುಕೊಳ್ಳಿ, ಮುಂದೇನಾಯಿತು ಅನ್ನುವುದನ್ನು ಮುಚ್ಚಿಡಿ. ತಂಡದಲ್ಲಿ ಬ್ರ್ಯಾಂಡನ್ ರಾಯ್ ಎಂಬ ಒಳ್ಳೆಯ ಗಾರ್ಡ್, ಲಮಾರ್ಕಸ್ ಆಲ್ಡ್ರಿಜ್ ಎಂಬ ಒಳ್ಳೆಯ ಫಾರ್ವರ್ಡ್ ಇದ್ದಾರೆ. ಸೆಂಟರ್ ಜಾಗಕ್ಕೆ ಅಂಥ ದೊಡ್ಡ ಆಟಗಾರ ಇಲ್ಲ. ಓಡೆನ್ ಬೇಡ ಎಂದು ಹತ್ತು ಸಾಲು ವಾದ ಬರೆಯಿರಿ. ನಾನು ಮೂರು ಸಲ ಕೂತೆ. ನಾಲ್ಕನೇ ಸಾಲಿಗೇ ಪೆನ್ನು ನಿಂತಿತು.