ನಮ್ಮ ಸ್ವಸ್ತಿಕ ಹಾಕಿದ್ರೆ ಗೇಮ್‌ನಲ್ಲಿ ಬ್ಯಾನ್ ಯಾಕೆ?

ಪ್ರಶ್ನೆ: ನನ್ನ ಮಗ ಒಂದು ಆನ್‌ಲೈನ್ ಗೇಮ್‌ನಲ್ಲಿ ತನ್ನ ಲಾಂಛನವಾಗಿ ಸ್ವಸ್ತಿಕ ಬಿಡಿಸಿದ್ದ. ಅವನ ಖಾತೆ ಬ್ಯಾನ್ ಆಯ್ತು. ನಾವು ಪೂಜೆ ಮಾಡುವ ಗುರುತು ದ್ವೇಷದ ಗುರುತು ಹೇಗಾಗುತ್ತೆ?

ಉತ್ತರ: ಅವನ ಮನಸ್ಸಿನಲ್ಲಿ ದ್ವೇಷ ಇರಲಿಲ್ಲ. ಮೊದಲು ಇದನ್ನು ಅವನಿಗೇ ಹೇಳಿ. ಹೊಸ್ತಿಲಿಗೆ ಅರಿಶಿನ ಬಳಿದು, ಕುಂಕುಮದಲ್ಲಿ ಸ್ವಸ್ತಿಕ ಬರೆದು, ನಾಲ್ಕೂ ಮೂಲೆಗೆ ಒಂದೊಂದು ಚುಕ್ಕಿ ಇಡೋದನ್ನು ನೋಡುತ್ತಾ ಬೆಳೆದ ಹುಡುಗನಿಗೆ ಅದು ಶುಭವೇ.

ಆದರೆ ಆ ಕಡೆ ಆಡುತ್ತಿರುವವರು ಆ ಹೊಸ್ತಿಲು ನೋಡಿಲ್ಲ. 1920ರಲ್ಲಿ ನಾಜಿ ಪಕ್ಷ ಇದೇ ಆಕಾರವನ್ನು ಕೆಂಪು ಬಾವುಟದ ಬಿಳಿ ವೃತ್ತದೊಳಗೆ ಕಪ್ಪಾಗಿ, ಓರೆಯಾಗಿ ನಿಲ್ಲಿಸಿತು. ಜರ್ಮನ್ನರು ಅದನ್ನು ಹಾಕೆನ್‌ಕ್ರಾಯ್ಟ್ಸ್ ಅಂತಾರೆ, ಅಂದರೆ ಕೊಕ್ಕೆ ಶಿಲುಬೆ. ಆ ಬಾವುಟದ ಕೆಳಗೆ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಹಾಗೆ ಮುತ್ತಜ್ಜಿಯನ್ನು ಕಳೆದುಕೊಂಡ ಮನೆಯ ಮಗುವಿಗೆ ನಾಲ್ಕು ಚುಕ್ಕಿ ಕಾಣೋದಿಲ್ಲ, ಬಾವುಟ ಕಾಣುತ್ತೆ.

ಇದು ಹಳೇ ಜಗಳ. 2010ರಲ್ಲಿ 'ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್' ಅನ್ನೋ ಗುಂಡು ಹಾರಿಸುವ ಗೇಮ್ ಬಂದಾಗ ಆಟಗಾರರು ತಮ್ಮ ಲಾಂಛನ ತಾವೇ ಬಿಡಿಸಬಹುದಿತ್ತು. ಸ್ವಸ್ತಿಕ ಹಾಕಿದರೆ ಬ್ಯಾನ್ ಅಂತ ಮೈಕ್ರೋಸಾಫ್ಟ್‌ನ ಆನ್‌ಲೈನ್ ಗೇಮ್ ಸೇವೆ ಎಕ್ಸ್‌ಬಾಕ್ಸ್ ಲೈವ್ ಕಡೆಯಿಂದ ಸ್ಟೀಫನ್ ಟುಲೂಸ್ ಖಡಕ್ಕಾಗಿ ಹೇಳಿದರು. ಇದು ಬೌದ್ಧರ, ಹಿಂದೂಗಳ ಗುರುತು ಅಂತ ವಾದಿಸಿದವರಿಗೆ ಅವರ ಉತ್ತರ ಇಷ್ಟು: ಜಗತ್ತು ಈ ಗುರುತನ್ನು ಮತ್ತೆ ಬೇರೆ ಕಣ್ಣಿಂದ ನೋಡಲಿ, ಒಳ್ಳೇದೇ, ಆದರೆ ಆ ಕೆಲಸಕ್ಕೆ ಗೇಮ್ ಲೋಗೋ ಸರಿಯಾದ ಜಾಗ ಅಲ್ಲ. ನನಗೆ ಮೊದಲು ಕೋಪ ಬಂತು. ಆಮೇಲೆ ಯೋಚಿಸಿದರೆ ಸರಿ ಅನ್ನಿಸಿತು. ಗುಂಡು ಹೊಡೆದವನ ಲಾಂಛನ ಸತ್ತವನ ಪರದೆ ಮೇಲೆ ಒಂದೆರಡು ಕ್ಷಣ ಮಿಂಚಿ ಹೋಗುತ್ತೆ. ಅಷ್ಟರಲ್ಲಿ ಯಾರು ಯಾರಿಗೆ ಏನು ವಿವರಿಸೋದು? ಇದರ ಜೊತೆ, ಬೇಕಂತಲೇ ನಾಜಿ ಗುರುತು ಹಾಕಿ "ಇದು ಹಿಂದೂ ಚಿಹ್ನೆ" ಅಂತ ಜಾರಿಕೊಳ್ಳುವವರೂ ಇದ್ದಾರೆ. ನಮ್ಮ ಮಕ್ಕಳಿಗೆ ಜಾಸ್ತಿ ಅನ್ಯಾಯ ಮಾಡುತ್ತಿರುವವರು ಅವರೇ.

ನಾಜಿ ಗುರುತು ತೋರಿಸಬಾರದು ಅನ್ನೋದು ಜರ್ಮನಿಯಲ್ಲಂತೂ ಕಾನೂನಿನ ಮಾತು. ನಾಜಿಗಳ ವಿರುದ್ಧವೇ ಹೋರಾಡುವ ಆಟವಾದರೂ 'ವುಲ್ಫೆನ್‌ಸ್ಟೈನ್ 3ಡಿ' 1994ರಲ್ಲಿ ಅಲ್ಲಿ ಜಪ್ತಿಯಾಯಿತು. 2017ರಲ್ಲಿ ಅದೇ ಸರಣಿಯ ಹೊಸ ಆಟದ ಜರ್ಮನ್ ಆವೃತ್ತಿಯಲ್ಲಿ ಹಿಟ್ಲರನ ಮೀಸೆಯನ್ನೂ ಅಳಿಸಿದರು! 2018ರ ಆಗಸ್ಟ್‌ನಲ್ಲಿ ಗೇಮ್‌ಗಳಿಗೆ ವಯಸ್ಸಿನ ದರ್ಜೆ ಕೊಡುವ ಅಲ್ಲಿನ ಸಂಸ್ಥೆ ಯುಎಸ್‌ಕೆ ನಿಯಮ ಸಡಿಲಿಸಿತು. ಇತಿಹಾಸ ಹೇಳಲು ಗುರುತು ಬೇಕಿದ್ದರೆ ಒಂದೊಂದು ಆಟವನ್ನೂ ನೋಡಿ ತೀರ್ಮಾನಿಸುತ್ತಾರೆ.

ಇಲ್ಲಿಂದಲೇ ವಿದೇಶಿ ಗೇಮ್‌ಗಳಿಗೆ ಚಿತ್ರ ಬರೆಯುವ ನಮ್ಮವರು ಬೆಂಗಳೂರಿನಲ್ಲಿ ಇದ್ದಾರಲ್ವಾ, ಅವರಿಗೂ ಒಂದು ಮಾತು. ದೇವಸ್ಥಾನದ ಗೋಡೆಯಲ್ಲಿ ಸ್ವಸ್ತಿಕ ಬೇಕೇ ಬೇಕಿದ್ದರೆ ಸುಮ್ನೆ ಹಾಕಿಬಿಡಬೇಡಿ, ಮೊದಲೇ ತಂಡಕ್ಕೆ ವಿವರಿಸಿ. ಗೊತ್ತಿಲ್ಲದೆ ನೋಡಿದ ಸಹೋದ್ಯೋಗಿಗೆ ಎದೆ ಝಲ್ ಅನ್ನಬಹುದು.

ಇನ್ನು ನಿಮ್ಮ ಮಗನ ವಿಷಯ. ಖಾತೆ ಮರಳಿ ಕೇಳಿ ಮನವಿ ಕಳಿಸಿ. ಮನೆಯ ಹೊಸ್ತಿಲಿನ ಫೋಟೋ ಲಗತ್ತಿಸಿ, ಇದನ್ನು ನೋಡಿ ಬರೆದದ್ದು ಅಂತ ತಿಳಿಸಿ. ಖಾತೆ ಸಿಕ್ಕರೆ ಈ ಸಲ ಗಂಡಭೇರುಂಡ ಬಿಡಿಸಲಿ. ಎರಡು ತಲೆ, ಎರಡು ರೆಕ್ಕೆ, ಚಿಕ್ಕ ಚೌಕದಲ್ಲೂ ಚೆನ್ನಾಗಿ ಕೂರುತ್ತೆ.