ಮೊಬೈಲಿಗೆ ಸಿಗುವ ವೈಫೈ ಬಾಗಿಲ ಬೀಗಕ್ಕೆ ಯಾಕೆ ಸಿಗುವುದಿಲ್ಲ?

ಮೈಸೂರಿನ ನಮ್ಮ ಚಿಕ್ಕಪ್ಪನ ಮನೆಗೆ ಸ್ಮಾರ್ಟ್ ಲಾಕ್ ಹಾಕಿಸಿದ್ದರು. ಬೆರಳಿಟ್ಟರೆ ತೆರೆಯುತ್ತಿತ್ತು, ನಂಬರ್ ಒತ್ತಿದರೂ ತೆರೆಯುತ್ತಿತ್ತು. ವೈಫೈಗೆ ಮಾತ್ರ ಸೇರುತ್ತಿರಲಿಲ್ಲ. ಆ್ಯಪಿನಲ್ಲಿ ಚಕ್ರ ತಿರುಗಿ ತಿರುಗಿ ಕೊನೆಗೆ ‘ಫೇಲ್ಡ್’ ಅಂತ ಬರುತ್ತಿತ್ತು. ಮೂರು ಸಲ ರೀಸೆಟ್ ಮಾಡಿ ಸುಸ್ತಾಗಿದ್ದರು.

“ನೋಡೋ, ಬಾಗಿಲ ಹತ್ರಾನೇ ನಿಂತಿದ್ದೀನಿ. ಮೊಬೈಲಲ್ಲಿ ಸಿಗ್ನಲ್ ಫುಲ್ ಇದೆ. ಈ ಬೀಗಕ್ಕೇನಾಗಿದೆ?”

ಬೀಗಕ್ಕೆ ಏನೂ ಆಗಿರಲಿಲ್ಲ. ಅವರ ಮೊಬೈಲ್ ತೆಗೆದು ನೋಡಿದೆ. ರೂಟರ್ ಎರಡು ಹೆಸರು ತೋರಿಸುತ್ತಿತ್ತು. ಎರಡೂ ಒಂದೇ, ಒಂದರ ಬಾಲಕ್ಕೆ ಮಾತ್ರ ‘5ಜಿ’ ಅಂತ ಸೇರಿತ್ತು. ಚಿಕ್ಕಪ್ಪ ಆ 5ಜಿಯನ್ನೇ ಆರಿಸಿಕೊಂಡಿದ್ದರು. 5ಜಿ ಅಂದರೆ ಹೊಸದು, ಇನ್ನೊಂದು ಹಳೇದು ಅನ್ನುವುದು ಅವರ ಲೆಕ್ಕ.

ಈ ತಪ್ಪು ತಿಳಿವಳಿಕೆ ಎಷ್ಟು ಮನೆಗಳಲ್ಲಿದೆಯೋ! ಮೊಬೈಲ್ ಕಂಪನಿಯ 5ಜಿಯಲ್ಲಿ ‘ಜಿ’ ಅಂದರೆ ಜನರೇಷನ್, ತಲೆಮಾರು. ರೂಟರಿನ ‘ಜಿ’ ಗಿಗಾಹರ್ಟ್ಸ್. ಎರಡಕ್ಕೂ ಸಂಬಂಧವೇ ಇಲ್ಲ. ಬಾಲವಿಲ್ಲದ ಹೆಸರಿನದು 2.4 ಗಿಗಾಹರ್ಟ್ಸ್, ಅದರ ಅಲೆ ಸೆಕೆಂಡಿಗೆ 240 ಕೋಟಿ ಸಲ ಅಲುಗುತ್ತದೆ. 5 ಗಿಗಾಹರ್ಟ್ಸ್ ಅದರ ಎರಡರಷ್ಟಕ್ಕಿಂತ ಜಾಸ್ತಿ. ಮೊದಲನೆಯ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಎರಡನೆಯದು ಅದರ ಅರ್ಧವೂ ಇಲ್ಲ.

ಊರ ಜಾತ್ರೆಗೆ ನಡೆದು ಹೋಗುವಾಗ ಮೊದಲು ಕೇಳುವುದು ಯಾವುದು? ಡೊಳ್ಳು. ಗೆಜ್ಜೆಯ ಸದ್ದು ಕೇಳಬೇಕಾದರೆ ಹತ್ತಿರವೇ ಹೋಗಬೇಕು. 2.4 ಡೊಳ್ಳಿನ ಹಾಗೆ, ಗೋಡೆ ದಾಟಿ ದೂರ ಹೋಗುತ್ತದೆ. 5 ಗೆಜ್ಜೆಯ ಹಾಗೆ, ಒಂದೇ ಉಸಿರಿಗೆ ಹೆಚ್ಚು ಮಾತು ಹೊರುತ್ತದೆ, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೊರಗುತ್ತದೆ. ಇನ್ನೊಂದು ರೀತಿ ಹೇಳುತ್ತೇನೆ. 5 ಅನ್ನುವುದು ಸಾಮಾನು ತುಂಬಿದ ಲಾರಿ, 2.4 ಸೈಕಲ್. ಬೀಗಕ್ಕೆ ಹೊರಬೇಕಾದ ಸಾಮಾನು ಎಷ್ಟು? ‘ತೆರೆಯಿತು’, ‘ಮುಚ್ಚಿತು’, ಅಷ್ಟೇ. ಅದಕ್ಕೆ ಸೈಕಲ್ ಧಾರಾಳ ಸಾಕು. ನಾಲ್ಕು ಪೆನ್ಸಿಲ್ ಸೆಲ್ ಮೇಲೆ ತಿಂಗಳುಗಟ್ಟಲೆ ಬದುಕಬೇಕಾದ ಯಂತ್ರಕ್ಕೆ ಅಗ್ಗದ, ಕಡಿಮೆ ಕರೆಂಟು ತಿನ್ನುವ ಚಿಪ್ಪೇ ಬೇಕು. ಹಾಗಾಗಿ ಹೆಚ್ಚಿನ ಬೀಗಗಳಲ್ಲಿ 2.4ರ ಕಿವಿ ಮಾತ್ರ ಇರುತ್ತದೆ.

ಈ 2.4ರ ಕಥೆ ನನಗೆ ತುಂಬಾ ಇಷ್ಟ. ಅದು ಶುರುವಾಗುವುದು ಅಡುಗೆಮನೆಯಿಂದ. ಎರಡನೇ ಮಹಾಯುದ್ಧದ ರೇಡಾರ್ ಕೆಲಸದಿಂದ ಅಮೆರಿಕದಲ್ಲಿ ಮೈಕ್ರೋವೇವ್ ಓವನ್ ಹುಟ್ಟಿತು. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ದೇಶಗಳೆಲ್ಲ ಸೇರಿದಾಗ 2.45 ಗಿಗಾಹರ್ಟ್ಸ್ ಸುತ್ತಲಿನ ಜಾಗವನ್ನು ಇಂಥ ಯಂತ್ರಗಳಿಗೆ ಬಿಟ್ಟರು. ಗಲಾಟೆಯ ಜಾಗ, ಬೇರೆ ಯಾರಿಗೂ ಬೇಡವಾಗಿತ್ತು. 1985ರಲ್ಲಿ ಅಮೆರಿಕದ ರೇಡಿಯೋ ಅಲೆಗಳನ್ನು ನಿಯಂತ್ರಿಸುವ ಸಂಸ್ಥೆ ಎಫ್‌ಸಿಸಿ ಅಲ್ಲಿ ಲೈಸೆನ್ಸ್ ಇಲ್ಲದೆ ರೇಡಿಯೋ ಮಾತುಕತೆಗೂ ಅವಕಾಶ ಕೊಟ್ಟಿತು. 1997ರಲ್ಲಿ ಮೊದಲ ವೈಫೈ ನಿಯಮಾವಳಿ ಬಂತು. ನಮ್ಮ ದೇಶದಲ್ಲಿ 2005ರಲ್ಲಿ ಲೈಸೆನ್ಸ್ ತೆಗೆದರು. ನಮ್ಮ ಹಳ್ಳಿಗಳ ಗೋಮಾಳ ಇದ್ದ ಹಾಗೆ ಅದು. ಯಾರ ದನ ಬೇಕಾದರೂ ಮೇಯಬಹುದು.

ಚಿಕ್ಕಪ್ಪನ ರೂಟರ್ ಮೇಲೆ ಒಂದು ಹೊಳೆಯುವ ಸ್ಟಿಕ್ಕರ್ ಇತ್ತು. ‘ರೇಡಿಯೇಷನ್ ತಡೆಯುತ್ತೆ’ ಅಂತ ಯಾರೋ ಮಾರಿದ್ದು. ನನಗೆ ನಿಜಕ್ಕೂ ಸಂಕಟವಾಯಿತು. ಅದು ಅಲೆಯನ್ನು ತಡೆದರೆ ವೈಫೈ ಬರಬಾರದು. ವೈಫೈ ಬರುತ್ತಿದೆ ಅಂದರೆ ಅದು ತಡೆಯುತ್ತಿಲ್ಲ. ಇಷ್ಟೇ ಅಲ್ವಾ? ಓವನ್ ಒಳಗೆ ಸಾವಿರ ವ್ಯಾಟ್ ಹತ್ತಿರ ಇರುತ್ತದೆ, ರೂಟರ್ ಬಿಡುವುದು ಸಾಮಾನ್ಯವಾಗಿ ಒಂದು ವ್ಯಾಟಿಗಿಂತ ಕಡಿಮೆ. ಜನರ ಹೆದರಿಕೆಯನ್ನು ಹೀಗೆ ದುಡ್ಡು ಮಾಡಿಕೊಳ್ಳಬಾರದು.

ಸರಿ, ಬೀಗಕ್ಕೆ ಬರೋಣ. ಮೊಬೈಲನ್ನು ಬಾಲವಿಲ್ಲದ ಹೆಸರಿಗೆ ಬದಲಿಸಿದೆವು. ಆ್ಯಪ್ ಮೊಬೈಲ್ ಯಾವ ವೈಫೈಯಲ್ಲಿದೆಯೋ ಅದರ ಹೆಸರನ್ನೇ ಬೀಗಕ್ಕೆ ಹೇಳಿಕೊಡುತ್ತಿತ್ತು. ಇಷ್ಟು ಹೊತ್ತೂ ಬೀಗ ತನಗೆ ಕೇಳಿಸದ ಹೆಸರನ್ನು ಹುಡುಕುತ್ತಿತ್ತು! ಈ ಸಲ ಹಸಿರು ದೀಪ ಹತ್ತಿತು. ಆಮೇಲೆ ಮೊಬೈಲನ್ನು ಮತ್ತೆ 5ಕ್ಕೆ ಹಾಕಿಕೊಂಡರೂ ಬೀಗದ ಪಾಡಿಗೆ ಬೀಗ ಇರುತ್ತದೆ.

ನಿಮ್ಮ ರೂಟರ್ ಎರಡಕ್ಕೂ ಒಂದೇ ಹೆಸರು ಕೊಟ್ಟಿದ್ದರೆ ಸೆಟ್ಟಿಂಗಿನಲ್ಲಿ 5 ಅನ್ನು ಹತ್ತು ನಿಮಿಷ ಆಫ್ ಮಾಡಿ ನೋಡಿ. ಅಲ್ಲೇ ವೈಫೈ ಭದ್ರತೆ ಹೊಸ ಬಗೆಯ ಡಬ್ಲ್ಯೂಪಿಎ3 ಮಾತ್ರ ಅಂತಿದ್ದರೆ ಹಳೆಯ ಡಬ್ಲ್ಯೂಪಿಎ2 ಕೂಡ ಸೇರಿಸಿ. ಸೆಲ್ ಹಳೆಯದಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಒಂದು ವಾರಕ್ಕೆ ಚಿಕ್ಕಮ್ಮನ ಫೋನ್ ಬಂತು. ಸಂಜೆ ಹಾಲು ಬಿಸಿ ಮಾಡುವಾಗಲೆಲ್ಲ ಬೀಗ ‘ಆಫ್‌ಲೈನ್’ ಆಗುತ್ತಂತೆ. ಓವನ್ ಇರುವುದು ಅಡುಗೆಮನೆಯ ಕಟ್ಟೆ ಮೇಲೆ, ಗೋಡೆಯ ಆಚೆ ಮುಂಬಾಗಿಲು. ಗೋಮಾಳದ ಹಳೇ ಯಜಮಾನ! ಓವನ್ನಿನಿಂದ ಸೋರುವ ಚೂರು ಅಲೆಯೂ ವೈಫೈಯ ಪಿಸುಮಾತನ್ನು ಮುಳುಗಿಸಿಬಿಡಬಲ್ಲದು. 2.4ರ ಜಾಗದೊಳಗೆ ಚಾನಲ್ ಅನ್ನುವ ಓಣಿಗಳಿವೆ. ರೂಟರ್ 11ನೇ ಚಾನಲ್‌ನಲ್ಲಿತ್ತು, ಅಂದರೆ 2.462 ಗಿಗಾಹರ್ಟ್ಸ್, ಓವನ್ನಿನ ಪಕ್ಕದಲ್ಲೇ. ಫೋನಿನಲ್ಲೇ ಹೇಳಿಕೊಟ್ಟು 1ನೇ ಚಾನಲ್‌ಗೆ, ಅಂದರೆ 2.412ಕ್ಕೆ ಸರಿಸಿದೆವು. “ತಡಿ, ಹಾಲಿಟ್ಟು ನೋಡ್ತೀನಿ” ಅಂದರು ಚಿಕ್ಕಮ್ಮ. ಎರಡು ನಿಮಿಷ ಓವನ್ನಿನ ಗುಂಯ್ ಸದ್ದು ಕೇಳುತ್ತಿತ್ತು. ಹಾಲು ಕಾಯಿತು, ಬೀಗ ಆನ್‌ಲೈನಲ್ಲೇ ಇತ್ತು.